ಗಾಜಿನ ಪೆಟ್ಟಿಗೆಯ ಆಸರೆಯಿಲ್ಲದ ಹೂಜಿ ಗಿಡ: ಏಳನೆಯ ತಿಂಗಳ ದಾಖಲೆ

ಎಲೆಯ ತುದಿಯಲ್ಲಿ ಮೂಡುವ ಹೂಜಿಯಾಕಾರದ ಬಲೆಗಳಲ್ಲಿ ಕೀಟಗಳನ್ನು ಹಿಡಿಯುವ ನನ್ನ ನೆಪೆಂಥಿಸ್ ವೆಂಟ್ರಾಟಾ ಗಿಡದಲ್ಲಿ ಈ ವಾರ ಮೂರನೆಯ ಹೊಸ ಹೂಜಿ ಬಾಯಿ ತೆರೆದಿದೆ. ಪೂರ್ವದ ಕಿಟಕಿಯ ಬಳಿ ತೂಗುಕುಂಡದಲ್ಲಿರುವ ಈ ಗಿಡಕ್ಕೆ ತೇವ ಹಿಡಿದಿಡುವ ಗಾಜಿನ ಪೆಟ್ಟಿಗೆಯಾಗಲಿ, ತೇವ ಹೆಚ್ಚಿಸುವ ಯಂತ್ರವಾಗಲಿ ಇಲ್ಲ. ಕೋಣೆಯ ಆರ್ದ್ರತೆ ಶೇ. 45ರಿಂದ 55ರ ನಡುವೆಯೇ ಇದೆ.

ಗಿಡ ಮನೆಗೆ ಬಂದಾಗ ಇದ್ದ ಆರು ಹೂಜಿಗಳೂ ಮೂರು ವಾರಗಳೊಳಗೆ ಮುಚ್ಚಳದಿಂದ ಕೆಳಮುಖವಾಗಿ ಒಣಗಿದ್ದವು. ಗಾಬರಿಯಿಂದ ದಿನಕ್ಕೆ ಮೂರು ಬಾರಿ ನೀರು ಸಿಂಪಡಿಸಿದೆ. ಆರ್ದ್ರತೆಯ ಮಾಪಕದ ಮುಳ್ಳು ಮೇಲೇರಿ, ಕೆಲವೇ ನಿಮಿಷಗಳಲ್ಲಿ ಮೊದಲಿನ ಜಾಗಕ್ಕೆ ಮರಳುತ್ತಿತ್ತು. ತೇವಭರಿತ ಗಾಳಿಯಲ್ಲಿ ರೂಪುಗೊಂಡ ಹೂಜಿಗಳು ಒಣಗಾಳಿಯಲ್ಲಿ ಉಳಿಯದಿರುವುದು ಸಹಜವೆಂದೂ, ಗಿಡದ ಆರೋಗ್ಯವನ್ನು ಹೊಸ ಎಲೆಯನ್ನು ನೋಡಿಯೇ ಅಳೆಯಬೇಕೆಂದೂ ನನಗೆ ಆಗ ತಿಳಿದಿರಲಿಲ್ಲ.

ನಿಜವಾದ ತೊಡಕು ಎರಡನೆಯ ತಿಂಗಳಲ್ಲಿ ಎದುರಾಯಿತು. ಎಲೆಗಳು ಉದ್ದವಾಗಿ, ಕಡುಹಸಿರಾಗಿ ಬಂದವು, ಅವುಗಳ ತುದಿಯ ಕುಡಿಗಳೂ ಇಳಿಬಿದ್ದವು. ಆದರೆ ಕುಡಿಯ ಕೊನೆಯ ಮೊಗ್ಗು ಅಕ್ಕಿಕಾಳಿನಷ್ಟಾಗಿ ಅಲ್ಲಿಯೇ ಕಪ್ಪಾಗುತ್ತಿತ್ತು. ಒಣಗಾಳಿಯನ್ನೇ ದೂರುತ್ತಾ ಎರಡು ತಿಂಗಳು ಕಳೆದೆ. ಕುಂಡ ಕಿಟಕಿಯಿಂದ ಸುಮಾರು ಎರಡು ಮೀಟರ್ ಒಳಗಿತ್ತು. ನಾಲ್ಕನೆಯ ತಿಂಗಳಲ್ಲಿ, ಬೇರೇನನ್ನೂ ಬದಲಿಸದೆ, ಬೆಳಗಿನ ಎಳೆಬಿಸಿಲು ಬೀಳುವಂತೆ ಅದನ್ನು ಕಿಟಕಿಗೇ ತಂದು ತೂಗುಹಾಕಿದೆ. ಆನಂತರ ಬಂದ ಎಲೆಗಳು ಗಿಡ್ಡವಾಗಿ, ದಪ್ಪವಾಗಿ, ಅಂಚಿನಲ್ಲಿ ಕೆಂಪು ಛಾಯೆಯೊಂದಿಗೆ ಬಿಚ್ಚಿಕೊಂಡವು, ಮತ್ತು ಮೊದಲ ಮೊಗ್ಗು ಉಬ್ಬಿತು! ಮುಚ್ಚಳ ತೆರೆದ ಕ್ಷಣದಲ್ಲಿಯೇ ಹೂಜಿಯ ತಳದಲ್ಲಿ ಗಿಡವೇ ಸ್ರವಿಸಿದ ದ್ರವವಿತ್ತು. ಅದನ್ನು ಚೆಲ್ಲದಂತೆ ಕುಂಡವನ್ನು ಅಲುಗಾಡಿಸದೆ ಬಿಟ್ಟಿದ್ದೇನೆ.

ನೀರಿನ ವಿಷಯದಲ್ಲಿ ಮಾತ್ರ ಮೊದಲಿನಿಂದಲೂ ರಾಜಿಯಿಲ್ಲ. ಮಳೆನೀರು, ಅದು ಮುಗಿದಾಗ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) 50 ಪಿಪಿಎಂಗಿಂತ ಕಡಿಮೆಯಿರುವ, ಆರ್‌ಒ ಯಂತ್ರದಲ್ಲಿ ಶುದ್ಧೀಕರಿಸಿದ ನೀರು. ಕುಂಡದಲ್ಲಿ ಮಣ್ಣಿನ ಬದಲು ತುಂಬಿರುವ ಸ್ಫ್ಯಾಗ್ನಮ್ ಮಾಸ್ (ನೀರು ಹಿಡಿದಿಡುವ ಪಾಚಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಮಿಶ್ರಣ ತೇವವಾಗಿರಬೇಕು, ತಳದಲ್ಲಿ ನೀರು ನಿಲ್ಲಬಾರದು. ಕುಂಡ ಬದಲಿಸುವಾಗ ಕಂಡ ಕಪ್ಪು, ಕೂದಲೆಳೆಯಂಥ ಬೇರುಗಳನ್ನು ಕೊಳೆತವೆಂದು ಕತ್ತರಿಸಲು ಹೊರಟಿದ್ದೆ. ಈ ಕುಲದ ಬೇರುಗಳ ಸಹಜ ಬಣ್ಣವೇ ಅದು.

ವೆಂಟ್ರಾಟಾ ಗಟ್ಟಿಮುಟ್ಟಾದ ಮಿಶ್ರತಳಿಯಾದ್ದರಿಂದ ಈ ಫಲವನ್ನು ಎಲ್ಲ ಪ್ರಭೇದಗಳಿಗೂ ಅನ್ವಯಿಸಲಾರೆ. ಬೋರ್ನಿಯೋದ ತಗ್ಗುಪ್ರದೇಶದ ಜೌಗು ಕಾಡುಗಳಲ್ಲಿ ಬೆಳೆಯುವ ನೆಪೆಂಥಿಸ್ ಬೈಕ್ಯಾಲ್ಕರೇಟಾ ಪ್ರಭೇದವನ್ನು ಇದೇ ಕಿಟಕಿಯಲ್ಲಿ ಇಡುವ ಧೈರ್ಯ ನನಗಿಲ್ಲ.

ನಾಲ್ಕನೆಯ ಮೊಗ್ಗು ಇಂದು ಎರಡು ಸೆಂಟಿಮೀಟರ್ ಉದ್ದವಿದೆ, ಮುಚ್ಚಳ ಇನ್ನೂ ಬಿಗಿಯಾಗಿದೆ. ಕಾಂಡ ಬಳ್ಳಿಯಾಗಿ ಚಾಚಲು ಆರಂಭಿಸಿರುವುದರಿಂದ, ಅದನ್ನು ಕತ್ತರಿಸದೆ, ಮೇಲಿನ ಎಲೆಗಳಲ್ಲಿ ಬರುವ ಬೇರೆ ಆಕಾರದ ಹೂಜಿಗಳಿಗಾಗಿ ಕಾಯುತ್ತೇನೆ.