ಬಸಳೆಯ ಪಾಲು

ಏಪ್ರಿಲ್ ಬಂತು, ಸ್ವರ್ಣಾ ನದಿ ಇಳಿಯಿತು, ನಮ್ಮ ನಳ್ಳಿಯಲ್ಲಿ ನೀರು ದಿನ ಬಿಟ್ಟು ದಿನ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ಉಡುಪಿಯ ಕಥೆ ಇದು!

ಸಿಂಕ್‌ನಲ್ಲಿ ಒಂದು ಬೋಗುಣಿ ಇಟ್ಟಿದ್ದೇನೆ. ಅಕ್ಕಿ, ತರಕಾರಿ ತೊಳೆದ ನೀರೆಲ್ಲ ಅದಕ್ಕೇ. ನಿನ್ನೆ ಸುಮ್ನೆ ಅಳೆದು ನೋಡಿದೆ, 9 ಲೀಟರ್. ಎಲ್ಲ ಬಸಳೆ ಬುಡಕ್ಕೆ. ಸೋಪಿನ ನೀರು ಮಾತ್ರ ಟಾಯ್ಲೆಟ್‌ಗೆ. ಬುಡದ ಸುತ್ತ ತೆಂಗಿನ ಸಿಪ್ಪೆ ಕವುಚಿ ಹಾಕಿದ್ದೆ. ಬೆಳಗ್ಗೆ ಒಂದನ್ನು ಎತ್ತಿದರೆ ಅಡಿಯ ಮಣ್ಣು ಇನ್ನೂ ತಣ್ಣಗೆ, ಜೊತೆಗೆ ಎರಡು ಎರೆಹುಳ.

ಫೋನಲ್ಲಿ ಹೇಳಿದ್ದಕ್ಕೆ ಅಮ್ಮನಿಗೆ ನಗು. "ನಾವು ಬಚ್ಚಲ ನೀರನ್ನೇ ತೆಂಗಿನಮರಕ್ಕೆ ಬಿಡ್ತಿದ್ದೆವು ಮಾರಾಯ್ತಿ, ಯಾರೂ ಸ್ಟೇಟಸ್ ಹಾಕ್ಲಿಲ್ಲ."

ನಾನು ಹಾಕಿದೆ. ನಾಳೆ ಬಸಳೆ, ಹಲಸಿನ ಬೀಜದ ಗಸಿ.