ರಸ್ತೆ ಕುತ್ತಿಗೊಂದು ಎಂಟು ಮೂಲೆಯ ಕನ್ನಡಿ

ಜನವರಿ 11, ಭಾನುವಾರ

ತುಮಕೂರಿನ ಕ್ಯಾತ್ಸಂದ್ರದಲ್ಲಿ ನಮ್ಮ ಮನೆ. ದಕ್ಷಿಣದ ಬಾಗಿಲು. ಎದುರಿನ ರಸ್ತೆ ನೆಟ್ಟಗೆ ಬಂದು ನಮ್ಮ ಗೇಟಿಗೇ ಮುಗಿಯುತ್ತದೆ. ಇದಕ್ಕೇ ರಸ್ತೆ ಕುತ್ತು ಅನ್ನೋದು. ಅಪ್ಪನಿಗೆ ಸೈಟು ನಾಲ್ಕು ಕಾಸು ಕಡಿಮೆಗೆ ಸಿಕ್ಕಿದ್ದೂ ಈ ಕುತ್ತಿನಿಂದಲೇ. ಉಳಿಸಿದ ಕಾಸೆಲ್ಲ ಬೂದುಗುಂಬಳಕ್ಕೂ ನಿಂಬೆಹಣ್ಣಿಗೂ ಹೋಯಿತು ಅಂತ ಅಮ್ಮ ಈಗಲೂ ಲೆಕ್ಕ ಹೇಳುತ್ತಾಳೆ.

ಫೆಂಗ್ ಶೂಯಿ, ಅಂದರೆ ಚೀನೀಯರ ವಾಸ್ತು, ನಮ್ಮನೆಗೆ ಬಂದದ್ದು ಅಕ್ಕನಿಂದ. ಮೂರು ವರ್ಷದ ಹಿಂದೆ ಯಾವುದೋ ಗಿಫ್ಟ್ ಅಂಗಡಿಯಿಂದ ಎದುರಿಂದ ಬರೋ ಕೆಟ್ಟದ್ದನ್ನು ತಡೆಯುತ್ತದೆ ಅನ್ನೋ ಎಂಟು ಮೂಲೆಯ ಬಗುವಾ ಕನ್ನಡಿ ತಂದಳು. ಬಾಗಿಲ ಮೇಲೆ ಮೊಳೆ ಹೊಡೆದು ನೇತುಹಾಕಿದೆವು. ಹೋದ ದೀಪಾವಳಿಯ ಮಾರನೇ ರಾತ್ರಿ ಒಬ್ಬ ಹುಡುಗ ಬೈಕ್ ತಂದು ಗೇಟಿಗೆ ಗುದ್ದಿದ. ಅವನ ಮೊಣಕಾಲು ತರಚಿತು, ಗೇಟಿನ ಒಂದು ಸರಳು ಬಗ್ಗಿತು. "ಹಂಗಾದ್ರೆ ಆ ಕನ್ನಡಿ ಅಲ್ಲಿ ಏನ್ ಮಾಡ್ತಾ ಇತ್ತು?" ಅಂದಳು ಅಮ್ಮ.

ಇವತ್ತು ಇಳಿಸಿ ನೋಡಿದೆ. ಕನ್ನಡಿಯ ಸುತ್ತ ಎಂಟು ಗುರುತು, ಒಂದೊಂದರಲ್ಲೂ ಮೂರು ಗೆರೆ. ಕೆಲವು ಇಡೀ ಗೆರೆ, ಕೆಲವು ನಡುವೆ ಮುರಿದವು. ಮೂರೂ ಇಡೀ ಇದ್ದರೆ ಆಕಾಶ, ಮೂರೂ ಮುರಿದಿದ್ದರೆ ಭೂಮಿ. ನೇತುಹಾಕುವಾಗ ಆಕಾಶ ಮೇಲಿರಬೇಕು. ನಮ್ಮದರ ಕೊಕ್ಕೆ ಇದ್ದದ್ದು ಭೂಮಿಯ ಕಡೆ! ಪಾಪ, ಮೂರು ವರ್ಷ ಶೀರ್ಷಾಸನ ಹಾಕಿಕೊಂಡೇ ಮನೆ ಕಾದಿದೆ.

ಇದನ್ನೆಲ್ಲ ನಾನು ನಂಬುತ್ತೀನಾ? ಅಷ್ಟೇನಿಲ್ಲ. ಆದರೆ ತಪ್ಪಾಗಿ ಮಾಡಿದ ವಸ್ತು ಕಣ್ಣಿಗೆ ಬಿದ್ದರೆ ಸುಮ್ನಿರೋಕೆ ಆಗಲ್ಲ. ಭಾನುವಾರದ ಮರಗೆಲಸ ಹೇಗೂ ಇದೆ. ನಾನೇ ಹೊಸ ಕನ್ನಡಿ ಮಾಡ್ತೀನಿ ಅಂದುಬಿಟ್ಟೆ.

ಜನವರಿ 18

ಹಳೇ ಬಾಗಿಲಿನ ಹಲಸಿನ ಹಲಗೆ ಅಟ್ಟದಲ್ಲಿತ್ತು. ಎಂಟು ಮೂಲೆ ಬರೆಯೋಕೆ ಕೋನಮಾಪಕ ಬೇಕಿಲ್ಲ. 24 ಸೆಂ.ಮೀ ಚೌಕ ತಗೊಳ್ಳಿ. ಪ್ರತಿ ಅಂಚಿನಲ್ಲೂ 7, 10, 7 ಅಂತ ಗುರುತು ಹಾಕಿ ನಾಲ್ಕು ಮೂಲೆ ಕತ್ತರಿಸಿ. ಓರೆ ಅಂಚು 9.9 ಬರುತ್ತದೆ, ನೇರ ಅಂಚು 10. ಆ ಒಂದು ಮಿಲಿಮೀಟರ್ ಮರಳು ಕಾಗದದಲ್ಲಿ ಹೋಗುತ್ತದೆ. ಹಲಸು ಕತ್ತರಿಸುವಾಗ ಬೀಳುವ ಆ ಹಳದಿ ಪುಡಿ ನೋಡೋಕೇ ಒಂದು ಖುಷಿ.

ಜನವರಿ 25

ಗೆರೆಗಳಿಗೆ ಐಸ್‌ಕ್ರೀಮ್ ಕಡ್ಡಿ. ಎಂಟು ಗುರುತಲ್ಲಿ ಒಟ್ಟು 24 ಗೆರೆ, 12 ಇಡೀ, 12 ಮುರಿದವು. ಅಂದರೆ 12 ಉದ್ದ ಕಡ್ಡಿ, 24 ಮೋಟು ಕಡ್ಡಿ.

ಅಂಟಿಸುವ ಕ್ರಮದಲ್ಲೇ ಎಲ್ಲರೂ ಎಡವೋದು. ಬಾಗಿಲ ಮೇಲಿನ ಕನ್ನಡಿಗೆ ಬೇಕಾದದ್ದು ಹಳೇ ಕ್ರಮ, ಅವರು 'ಮೊದಲ ಆಕಾಶ' ಅನ್ನುವಂಥದ್ದು. ಮನೆಯೊಳಗೆ ಕೋಣೆ ಲೆಕ್ಕ ಹಾಕೋಕೆ ಬೇರೆ ಕ್ರಮ ಇದೆ. ಅದನ್ನು ಇಲ್ಲಿ ತರಬಾರದು. ಮೇಲಿಂದ ಗಡಿಯಾರದ ಮುಳ್ಳಿನಂತೆ ಸುತ್ತಿದರೆ ಆಕಾಶ, ಗಾಳಿ, ನೀರು, ಬೆಟ್ಟ, ಭೂಮಿ, ಗುಡುಗು, ಬೆಂಕಿ, ಕೆರೆ. ಮೊದಲನೇ ಗೆರೆ ಕನ್ನಡಿಯ ಪಕ್ಕದ್ದು, ಅಲ್ಲಿಂದ ಹೊರಗೆ ಎಣಿಸಬೇಕು. ಸರಿ ಬಂತಾ ಅಂತ ನೋಡೋಕೆ ಒಂದು ಸುಲಭ ದಾರಿ ಸಿಕ್ಕಿತು. ಎದುರುಬದುರಿನ ಗುರುತು ಪೂರ್ತಿ ಉಲ್ಟಾ ಇರಬೇಕು. ಇಲ್ಲಿ ಇಡೀ ಗೆರೆ ಇದ್ದರೆ ಅಲ್ಲಿ ಮುರಿದದ್ದು. ನನ್ನ ಗಾಳಿ ಗುಡುಗಿಗೆ ಹೊಂದಲಿಲ್ಲ. ಫೆವಿಕಾಲ್ ಒಣಗೋ ಮೊದಲೇ ಕಂಡಿತು, ಬಚಾವ್.

ನಡುವಿನ ಕನ್ನಡಿ ಬೈಕ್ ಸ್ಪೇರ್ಸ್ ಅಂಗಡಿಯದು. ಸೈಡ್ ಮಿರರ್‌ಗೆ ಅಂಟಿಸೋ ಪುಟ್ಟ ಉಬ್ಬು ಕನ್ನಡಿ, ಎರಡಿಂಚು. ಉಬ್ಬಿದ್ದು ಎದುರಿಂದ ಬಂದದ್ದನ್ನು ಚದುರಿಸುತ್ತದಂತೆ, ತಗ್ಗಿದ್ದು ಒಳಗೆ ಎಳೆದುಕೊಳ್ಳುತ್ತದಂತೆ. ಕೆಂಪು, ಹಸಿರು, ಚಿನ್ನದ ಬಣ್ಣ ಬಳಿದೆ.

ಫೆಬ್ರವರಿ 1

ಫೋನಿನ ದಿಕ್ಸೂಚಿ ಹಿಡಿದು ಗೇಟಿನ ಪಕ್ಕ ನಿಂತೆ, 162 ಡಿಗ್ರಿ. ಹತ್ತು ಹೆಜ್ಜೆ ರಸ್ತೆಗೆ ಇಳಿದು ಅದೇ ದಿಕ್ಕಿಗೆ ಹಿಡಿದೆ, 184. ಎಲ್ಲ ಗೇಟಿನ ಕಬ್ಬಿಣದ ಮಹಿಮೆ. ಫೆಂಗ್ ಶೂಯಿಯ ಲೊಪಾನ್ ದಿಕ್ಸೂಚಿ ಸುತ್ತನ್ನು 24 ಪಾಲು ಮಾಡುತ್ತದೆ, ಪಾಲಿಗೆ 15 ಡಿಗ್ರಿ. ಗೇಟಿಗೆ ಆತುಕೊಂಡು ಅಳೆದವರ ಲೆಕ್ಕ ಪಕ್ಕದ ಪಾಲಿಗೇ ಜಾರುತ್ತದೆ. ಎಷ್ಟು ಜನರ ವಾಸ್ತು ಹೀಗೇ ಕೆಟ್ಟಿದೆಯೋ!

ಸಂಜೆ ಕನ್ನಡಿ ಏರಿತು. ಆಕಾಶ ಮೇಲೆ. ಅಮ್ಮ ಅದಕ್ಕೂ ಒಂದು ಕುಂಕುಮದ ಬೊಟ್ಟು ಇಟ್ಟಳು.

ಫೆಬ್ರವರಿ 8

ಇಳಿಸಿದೆ.

ಆದದ್ದು ಇಷ್ಟು. ಮೂಲೆಮನೆ ಅಜ್ಜಿ ಗುರುವಾರ ಗೇಟಿನ ಹತ್ತಿರ ಬಂದು ನಿಂತರು. "ಏನಪ್ಪಾ, ನಿಮ್ಮನೆ ಶನಿನ ನಮ್ಮನೆ ಕಡೆ ತಿರುಗ್ಸಿದೀಯಾ?" ನಾನು ನಕ್ಕೆ. ಅವರು ನಗಲಿಲ್ಲ. ಅವರ ಮನೆಗೆ ಕರೆದುಕೊಂಡು ಹೋದರು. ದೇವರ ಮನೆ ಗೋಡೆ ಮೇಲೆ, ಬೆಳ್ಳಿ ಪೂಜಾ ತಟ್ಟೆಯ ಪಕ್ಕ, ಕಿಟಕಿ ಸಂದಿಯಿಂದ ಬಿದ್ದ ಕಾಸಿನಗಲದ ಮಸುಕು ಬಿಸಿಲಿನ ಚುಕ್ಕೆ ಕೂತಿತ್ತು. ಉಬ್ಬು ಕನ್ನಡಿ ಅಲ್ವಾ, ಬಿಸಿಲನ್ನು ಎಲ್ಲ ಕಡೆಗೂ ಎರಚುತ್ತದೆ. ನನ್ನ ಕನ್ನಡಿಯದೇ ಆ ಚುಕ್ಕೆ. ನನಗೆ ಮಾತೇ ಹೊರಡಲಿಲ್ಲ. ಅವರ ಸಜ್ಜಾ ಕೆಳಗೆ ಆಗಲೇ ಹೊಸ ದೃಷ್ಟಿ ಗೊಂಬೆ ನೇತಾಡುತ್ತಿತ್ತು, ನಾಲಗೆ ಚಾಚಿಕೊಂಡು, ಸರಿಯಾಗಿ ನಮ್ಮ ಬಾಗಿಲಿಗೆ.

ಫೆಂಗ್ ಶೂಯಿ ಬಲ್ಲವರೂ ಹೇಳುತ್ತಾರೆ, ಬಗುವಾವನ್ನು ಇನ್ನೊಬ್ಬರ ಬಾಗಿಲು ಕಿಟಕಿಗೆ ತಿರುಗಿಸಬಾರದು, ಮನೆಯೊಳಗೂ ಹಾಕಬಾರದು. ಅದನ್ನು ನಾನು ಓದಿದ್ದೆ. ಓದಿ, ಮುಂದೆ ರಸ್ತೆ ತಾನೇ ಇರೋದು ಅಂದುಕೊಂಡಿದ್ದೆ. ಈಗ ಕನ್ನಡಿ ಪೇಪರ್ ಸುತ್ತಿಕೊಂಡು ಅಟ್ಟದಲ್ಲಿದೆ.

ಫೆಬ್ರವರಿ 15, ಶಿವರಾತ್ರಿ

ಸಿದ್ಧಗಂಗೆ ಜಾತ್ರೆ ಗಲಾಟೆ. ಜಾಗರಣೆ ನೆಪದಲ್ಲಿ ಜಗುಲಿ ಮೇಲೆ ಕೂತು ಬರೋ ಗಾಡಿ ನೋಡಿದೆ. ರಸ್ತೆ ಕೊನೆಗೆ ಬಂದ ಪ್ರತಿಯೊಂದರ ಹೆಡ್‌ಲೈಟೂ ಗೇಟಿನ ಸಂದಿಯಿಂದ ನುಗ್ಗಿ ನಡುಮನೆ ಕ್ಯಾಲೆಂಡರ್ ಮೇಲೆ ಓಡುತ್ತದೆ. ಇಲ್ಲಿ ರಸ್ತೆ ಮುಗಿಯಿತು ಅಂತ ಹೊಸಬರಿಗೆ ಗೊತ್ತಾಗುವುದೇ ಗೇಟಿನ ಹತ್ತಿರ ಬಂದ ಮೇಲೆ. ಕುತ್ತು ಅಂತ ಹಿರಿಯರು ಹೆದರಿದ್ದರಲ್ಲಿ ಇದೂ ಸೇರಿರಬೇಕು.

ಚೀನಾದ ಹಳೇ ಅಂಗಳದ ಮನೆಗಳಲ್ಲಿ ಹೆಬ್ಬಾಗಿಲ ಎದುರಿಗೇ ಒಂದು ಅಡ್ಡಗೋಡೆ ಇರುತ್ತದೆ. ಯಿಂಗ್‌ಬಿ ಅಂತ ಹೆಸರು. ದೆವ್ವಗಳು ನೆಟ್ಟಗೆ ಮಾತ್ರ ನಡೆಯುತ್ತವೆ, ತಿರುಗೋಕೆ ಬರಲ್ಲ ಅನ್ನೋ ನಂಬಿಕೆ. ಬೀಜಿಂಗಿನ ನಿಷೇಧಿತ ನಗರದ ಒಂಬತ್ತು ಡ್ರ್ಯಾಗನ್ ಗೋಡೆಯೂ ಇದೇ ಜಾತಿಯದು. ಅಲ್ಲಿ ಏನನ್ನೂ ಯಾರ ಮೇಲೂ ತಿರುಗಿಸೋದಿಲ್ಲ. ಬಂದದ್ದು ಅಲ್ಲೇ ನಿಲ್ಲುತ್ತದೆ.

ಗೋಡೆಗೆ ದುಡ್ಡಿಲ್ಲ. ಗಿಡದ ಬೇಲಿ ಹಾಕೋಣ ಅಂದರೆ ಇನ್ನೊಂದು ತೊಡಕು. ಫೆಂಗ್ ಶೂಯಿಯ ವರ್ಷ ಫೆಬ್ರವರಿ 4ರ ಸುಮಾರಿಗೆ ಬದಲಾಗುತ್ತದೆ. 2026ರಲ್ಲಿ 'ಐದು ಹಳದಿ' ಅನ್ನೋ ಕೆಟ್ಟ ನಕ್ಷತ್ರ ದಕ್ಷಿಣದಲ್ಲಿ. ಕುದುರೆ ವರ್ಷವಾದ್ದರಿಂದ ವರ್ಷದ ಒಡೆಯ ತಾಯ್ ಸೂಯಿ ಕೂತಿರೋದೂ ದಕ್ಷಿಣದಲ್ಲೇ. ಅಲ್ಲಿ ನೆಲ ಅಗೆಯಬೇಡಿ, ಗೋಡೆ ಕುಟ್ಟಬೇಡಿ ಅನ್ನುತ್ತಾರೆ. ಅಕ್ಕನಿಗೆ ಇದು ಬಾಯಿಪಾಠ. ಅವಳ ಕೈಲಿ ವರ್ಷಪೂರ್ತಿ ಬೈಸಿಕೊಳ್ಳೋದಕ್ಕಿಂತ ಕುಂಡ ವಾಸಿ.

ಮಾರ್ಚ್ 1

ಐದು ಸಿಮೆಂಟ್ ಕುಂಡ, ಗೇಟಿಗೂ ಬಾಗಿಲಿಗೂ ನಡುವೆ ಓರೆಯಾಗಿ. ಮೂರರಲ್ಲಿ ದಾಸವಾಳ, ಎರಡರಲ್ಲಿ ಕಣಗಿಲೆ. ಒಂದು ದಾಸವಾಳದ ಕಡ್ಡಿ ಮೂಲೆಮನೆ ಅಜ್ಜಿ ಕೊಟ್ಟದ್ದು. ಗೇಟಿಗೆ ಕೆಂಪು ಬಿಳಿ ರಿಫ್ಲೆಕ್ಟರ್ ಪಟ್ಟಿ ಅಂಟಿಸಿದೆ. ಕ್ಯಾಲೆಂಡರ್ ಮೇಲೆ ಈಗ ಬೆಳಕು ಓಡೋದು ಎಲೆ ಸಂದಿಯಿಂದ ಅಷ್ಟಿಷ್ಟು.

ಮಾರ್ಚ್ 8

ಅಕ್ಕನ ಸಮಾಧಾನಕ್ಕೆ ಗಾಳಿಗಂಟೆ. ಐದು ಹಳದಿ ಮಣ್ಣಿನ ನಕ್ಷತ್ರ. ಮಣ್ಣು ಲೋಹವನ್ನು ಹೆರುತ್ತದೆ, ಹೆತ್ತು ಸುಸ್ತಾಗುತ್ತದೆ. ಅದಕ್ಕೇ ಲೋಹದ ಆರು ಕೊಳವೆ. ಹಿತ್ತಾಳೆ ದುಬಾರಿ, ನನ್ನದು ಆರಡಿಯ ಅಲ್ಯೂಮಿನಿಯಂ ಪರದೆ ಪೈಪು.

ತುದಿಗೆ ತೂತು ಹಾಕಿ ಕಟ್ಟಿದೆ, 'ಟಕ್' ಅಂತು. ಕೊಳವೆಯ ಉದ್ದದಲ್ಲಿ ನೂರಕ್ಕೆ 22.4 ಪಾಲು ಬಿಟ್ಟು ತೂತು ಹಾಕಬೇಕು. ಬಡಿದಾಗ ಅಲುಗದ ಜಾಗ ಅದು, ಎರಡೂ ತುದಿಯಿಂದ ಅಷ್ಟೇ ದೂರದಲ್ಲಿ ಒಂದೊಂದು. 30 ಸೆಂ.ಮೀ ಕೊಳವೆಗೆ 6.7. ಅಲ್ಲಿ ಕಟ್ಟಿದ ಮೇಲೆ 'ಠಿಣ್ಣ್' ಅಂತ ಎಷ್ಟು ಹೊತ್ತು ಗುಂಯ್‌ಗುಟ್ಟಿತು ಗೊತ್ತಾ!

ಆರು ಕೊಳವೆ ಅಂದ ಕೂಡಲೇ ಮೋಹನ ರಾಗ ಹೊಳೆಯಿತು. ಸ ರಿ ಗ ಪ ಧ, ಮತ್ತೆ ಮೇಲಿನ ಸ. ಚೀನೀಯರ ಐದು ಸ್ವರಗಳ ಸಂಗೀತವೂ ಇದರ ನೆಂಟನೇ. ಕೊಳವೆ ಅರ್ಧ ಮಾಡಿದರೆ ಕಂಪನ ನಾಲ್ಕು ಪಟ್ಟಾಗುತ್ತದೆ, ಆ ಲೆಕ್ಕದಲ್ಲಿ ಉದ್ದಗಳು 30, 28.3, 26.8, 24.5, 23.2, 21.2. ಐದು ಸರಿ ಬಂದವು. ಧ ಮಾತ್ರ ಗರಗಸ ಜಾರಿ ಮೋಟಾಯಿತು, ಅಪಸ್ವರ.

ಬಾಕಿ ಕೆಲಸ ಎರಡು. ಧ ಮತ್ತೆ ಕತ್ತರಿಸಬೇಕು, ಪೈಪು ಇನ್ನೂ ಒಂದು ಗೇಣು ಉಳಿದಿದೆ, ಸಾಕಾಗುತ್ತದೋ ನೋಡಬೇಕು. ಇನ್ನೊಂದು, ಕೊಳವೆಗಳಿಗೆ ಬಡಿಯೋ ನಡುವಿನ ಮರದ ಬಿಲ್ಲೆಗೆ ಬಿಚ್ಚಿಡೋ ಹಾಗೆ ಕೊಕ್ಕೆ. ಅಜ್ಜಿ ಮಧ್ಯಾಹ್ನ ಎರಡರಿಂದ ನಾಲ್ಕು ಮಲಗ್ತಾರಂತೆ. ಈ ಸಲ ನೇತುಹಾಕೋ ಮೊದಲೇ ಕೇಳಿಕೊಂಡು ಬಂದೆ.