ಟಾಹೋ ದಾರಿಗೆ ಸ್ನೋ ಚೈನ್: ಇಲ್ಲಿಯವರೆಗಿನ ಕೆಲಸ

ನವೆಂಬರ್

ಈ ಚಳಿಗಾಲ ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಊರುಗಳು) ಬೆಟ್ಟದ ಮೇಲಿನ ಟಾಹೋ ಸರೋವರಕ್ಕೆ ನಮ್ಮ ಕಾರಿನಲ್ಲೇ ಹೋಗಬೇಕು ಅಂತ ತೀರ್ಮಾನವಾಗಿದೆ. ಐ-80 ಹೆದ್ದಾರಿ ಡಾನರ್ ಎಂಬ ಬೆಟ್ಟದ ದಾರಿಯ ಹತ್ತಿರ 7,200 ಅಡಿ ಎತ್ತರಕ್ಕೆ ಏರುತ್ತದೆ. ಕೆಳಗೆ ಸುಮ್ನೆ ಮಳೆ ಬರುತ್ತಿದ್ದರೆ ಅಲ್ಲಿ ಹಿಮ ಸುರಿಯುತ್ತಿರುತ್ತದೆ. ಅದಕ್ಕೇ ಸ್ನೋ ಚೈನ್, ಅಂದರೆ ಹಿಮದಲ್ಲಿ ಜಾರದಿರಲೆಂದು ಟೈರಿಗೆ ಸುತ್ತುವ ಸರಪಳಿ, ಬೇಕು.

ಮೊದಲು ಕ್ಯಾಲ್‌ಟ್ರಾನ್ಸ್ (ಕ್ಯಾಲಿಫೋರ್ನಿಯಾದ ರಸ್ತೆ ಇಲಾಖೆ) ನಿಯಮ ಓದಿಕೊಂಡೆ. ಆರ್1, ಆರ್2, ಆರ್3 ಅಂತ ಮೂರು ಹಂತ. ನಮಗೆ ಮುಖ್ಯವಾದದ್ದು ಆರ್2. ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಸಿಗುವ, ನಾಲ್ಕಕ್ಕೂ ಸ್ನೋ ಟೈರ್ ಇರುವ ಗಾಡಿ ಬಿಟ್ಟು ಉಳಿದವರೆಲ್ಲ ಚೈನ್ ಹಾಕಲೇಬೇಕು. ಅಂಥ ಗಾಡಿಯವರೂ ಚೈನ್ ಜೊತೆಗೆ ಇಟ್ಟುಕೊಂಡಿರಬೇಕು. ಆರ್3 ಅಂದರೆ ಯಾರಿಗೂ ವಿನಾಯಿತಿ ಇಲ್ಲ, ಸಾಮಾನ್ಯವಾಗಿ ಅಷ್ಟು ಹೊತ್ತಿಗೆ ರಸ್ತೆಯನ್ನೇ ಮುಚ್ಚುತ್ತಾರೆ.

ಆಮೇಲೆ ಅಳತೆ. ನಮ್ಮ ಟೈರಿನ ಮೇಲೆ 205/55 ಆರ್ 16 ಅಂತಿದೆ. ಈ ಮೂರೂ ಅಂಕಿ ಚೈನ್ ಡಬ್ಬಿಯ ಮೇಲಿನ ಪಟ್ಟಿಯಲ್ಲಿ ಹಾಗೇ ಇರಬೇಕು. ಆದರೆ ಅಷ್ಟು ಸಾಲದು. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಮುಂದಿನ ಟೈರಿನ ಒಳಮಗ್ಗುಲಿಗೆ ಕೈ ಹಾಕಿ ನೋಡಿದೆ. ಟೈರಿಗೂ ಸಸ್ಪೆನ್ಷನ್‌ಗೂ ನಡುವೆ ಒಂದು ಬೆರಳು ಹಿಡಿಯುವಷ್ಟೇ ಜಾಗ. ಬ್ರೇಕ್ ಹೋಸ್, ಎಬಿಎಸ್ ವೈರ್ ಎಲ್ಲ ಅಲ್ಲೇ. ದಪ್ಪ ಚೈನ್ ಹಾಕಿದರೆ, ಅಥವಾ ಸಡಿಲವಾಗಿ ಬಿಟ್ಟರೆ, ಬಡಿಯುವುದು ಅವಕ್ಕೇ. ಕಾರಿನ ಮ್ಯಾನ್ಯುಯಲ್ ಕೂಡ ಕ್ಲಾಸ್ ಎಸ್ ಚೈನನ್ನೇ ಹೇಳುತ್ತದೆ, ಅದೂ ಮುಂದಿನ ಚಕ್ರಕ್ಕೆ ಮಾತ್ರ. ಕ್ಲಾಸ್ ಎಸ್ ಅಂದರೆ ಟೈರಿನ ಪಕ್ಕದಲ್ಲಿ 15 ಮಿಲಿಮೀಟರ್ ಜಾಗವಿದ್ದರೂ ನಡೆಯುವಂಥದ್ದು. ಕೆಲವು ಕಾರುಗಳ ಮ್ಯಾನ್ಯುಯಲ್ ಚೈನೇ ಬೇಡ ಅನ್ನುತ್ತದೆ. ದುಡ್ಡು ಕೊಡುವ ಮೊದಲೇ ಆ ಪುಟ ಓದಿಬಿಡಿ.

ಡಿಸೆಂಬರ್

ತಂದದ್ದು ತೆಳು ಕೊಂಡಿಗಳ, ಟೈರಿನ ಮೇಲೆ ವಜ್ರದಾಕಾರದಲ್ಲಿ ಕೂರುವ ಚೈನ್. ಕೇಬಲ್ ಚೈನ್ ಅಗ್ಗ, ಆದರೆ ಗಟ್ಟಿ ಹಿಮದಲ್ಲಿ ಹಿಡಿತ ಇದರದೇ ಜಾಸ್ತಿ ಅನ್ನಿಸಿತು.

ಮನೆ ಮುಂದೆ ಒಣ ನೆಲದಲ್ಲಿ ಅಭ್ಯಾಸ ಶುರು. ಎಂಜಿನ್ ಆಫ್, ಹ್ಯಾಂಡ್ ಬ್ರೇಕ್ ಮೇಲೆ. ಚೈನನ್ನು ನೆಲದ ಮೇಲೆ ಹರಡಿ, ಗಂಟು ಬಿಡಿಸಿ, ಕೊಕ್ಕೆಗಳ ತೆರೆದ ಬಾಯಿ ಹೊರಗೆ ಬರುವ ಹಾಗೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಟೈರನ್ನು ಕೊರೆಯುತ್ತದೆ. ಚೈನಿನ ಒಳಬದಿಯ ಬಳೆಯನ್ನು ಟೈರಿನ ಹಿಂದೆ ತೂರಿಸಿ, ಎರಡೂ ತುದಿಯನ್ನು ಮೇಲೆ ತಂದು ಸೇರಿಸಬೇಕು. ಆಮೇಲೆ ಹೊರಗಿನ ಕೊಂಡಿ. ಕೊನೆಗೆ ಬಿಗಿಯುವ ಸರಪಳಿ ಎಳೆದು, ಉಳಿದ ತುದಿ ನೇತಾಡದ ಹಾಗೆ ಸಿಕ್ಕಿಸಬೇಕು. ಹಿಂದಿನ ಕೊಂಡಿ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೇ ಗೊತ್ತಾಗಬೇಕು. ಹಾಗಾಗಿ ಗ್ಲೌಸ್ ಹಾಕಿಕೊಂಡು, ದೀಪ ಆರಿಸಿ, ಹಣೆಗೆ ಕಟ್ಟುವ ಟಾರ್ಚ್ ಬೆಳಕಲ್ಲೂ ಮಾಡಿ ನೋಡಿದೆ.

ಜನವರಿ

ಟಾಹೋಗೆ ಹೋಗುವಾಗ ಆರ್2 ಬೋರ್ಡ್ ಕಂಡಿತು. ಚೈನ್ ಹಾಕಲೆಂದೇ ಬಿಟ್ಟಿರುವ ಜಾಗದಲ್ಲಿ ಬಲಕ್ಕೆ ನಿಲ್ಲಿಸಿ, ಮಿಂಚುವ ಜಾಕೆಟ್ ತೊಟ್ಟು ಕೆಲಸ ಮಾಡಿದೆವು. ಹಣ ತೆಗೆದುಕೊಂಡು ಹಾಕಿಕೊಡುವವರೂ ಅಲ್ಲಿ ಇರುತ್ತಾರೆ, ಎದೆಯ ಮೇಲೆ ನಂಬರ್ ಇರುವ ಬಿಬ್ (ಮೇಲಂಗಿ) ತೊಟ್ಟಿರುತ್ತಾರೆ. ಆದರೆ ಅವರು ಚೈನ್ ಮಾರುವ ಹಾಗಿಲ್ಲ. ಅದು ನಮ್ಮ ಡಿಕ್ಕಿಯಲ್ಲೇ ಇರಬೇಕು.

ಸ್ವಲ್ಪ ದೂರ ಹೋಗಿ ನಿಲ್ಲಿಸಿ ಮತ್ತೆ ಬಿಗಿ ಮಾಡಿದೆವು. ಇದನ್ನು ಯಾರೂ ಬಿಡಬಾರದು. ಚಕ್ರ ಉರುಳಿದ ಮೇಲೆ ಚೈನ್ ತನ್ನ ಜಾಗಕ್ಕೆ ಕೂರುತ್ತದೆ, ಎರಡು ಮೂರು ಕೊಂಡಿಯಷ್ಟು ಸಡಿಲ ಸಿಗುತ್ತದೆ. ಚೈನ್ ಇದ್ದಾಗ ವೇಗದ ಮಿತಿ ಗಂಟೆಗೆ 25 ಅಥವಾ 30 ಮೈಲಿ, ಬೋರ್ಡ್‌ನಲ್ಲಿ ಇದ್ದ ಹಾಗೆ. ಮುಂದಿನ ಚಕ್ರಕ್ಕೆ ಹಿಡಿತ ಇದ್ದರೂ ಹಿಂದಿನದಕ್ಕೆ ಇಲ್ಲ. ತಿರುವಿನಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಹಿಂಭಾಗ ಜಾರಬಹುದು. ಟಪಟಪ ಸದ್ದು ಬಂದರೆ ತಕ್ಷಣ ಜಾಗ ನೋಡಿ ನಿಲ್ಲಿಸಬೇಕು.

ಚೈನ್ ಕಂಟ್ರೋಲ್ ಮುಗಿಯಿತು ಎಂಬ ಬೋರ್ಡ್ ದಾಟಿ, ಡಾಂಬರು ಕಂಡ ಮೇಲೆ ಬಿಚ್ಚಿದೆವು. ಒಣ ರಸ್ತೆಯಲ್ಲಿ ಓಡಿಸಿದರೆ ಕೊಂಡಿ ಬೇಗ ಸವೆದು ತುಂಡಾಗುತ್ತದೆ.

ಮನೆಗೆ ಬಂದ ಮೇಲೆ ನೀರಲ್ಲಿ ತೊಳೆದು ಗ್ಯಾರೇಜಿನಲ್ಲಿ ನೇತುಹಾಕಿದ್ದೇನೆ, ರಸ್ತೆ ಉಪ್ಪಿಗೆ ತುಕ್ಕು ಬೇಗ ಹಿಡಿಯುತ್ತದೆ. ಒಣಗಿದ ಮೇಲೆ ಒಂದೊಂದೇ ಕೊಂಡಿ ನೋಡಬೇಕು. ಮುಂದಿನ ಕೆಲಸ, ನನ್ನ ಹೆಂಡತಿಗೂ ಒಬ್ಬಳೇ ಚೈನ್ ಹಾಕುವುದು ರೂಢಿಯಾಗುವುದು. ಶನಿವಾರ ಶುರು.